ಬೀದರಿನಲ್ಲಿ ಮೂರು ದಿನ

ಕರ್ನಾಟಕದ ನಕ್ಷೆಯನ್ನು ಮಕ್ಕಳಿಗೆ ತೋರಿಸುವಾಗ ಕೋಲಿನ ತುದಿಯನ್ನು ಮೇಲಕ್ಕೆ ಏರಿಸಿ, “ಇದು ಬೀದರು, ನಮ್ಮ ನಾಡಿನ ಮುಡಿ” ಎಂದು ಹೇಳಿ ಮುಂದಕ್ಕೆ ಹೋಗುವುದು ಶಾಲೆಗಳಲ್ಲಿ ರೂಢಿ. ನಾನು ಭೂಗೋಳದ ಉಪಾಧ್ಯಾಯನಲ್ಲ, ಸಂಸ್ಕೃತದವನು. ಆದರೂ ಆ ವಿಷಯದವರು ರಜೆಯಲ್ಲಿದ್ದಾಗ ಆ ಪಾಠವನ್ನು ನಾನೂ ಹತ್ತಾರು ಸಲ ಒಪ್ಪಿಸಿದ್ದುಂಟು. ಕಳೆದ ಮಾಗಿಯ ಕಾಲದಲ್ಲಿ ಅಲ್ಲಿಗೆ ಹೋಗಿ ಮೂರು ದಿನ ಇದ್ದು ಬಂದ ಮೇಲೆ, ಆ ಊರನ್ನು ಕುರಿತು ನಾನು ಮಕ್ಕಳಿಗೆ ಹೇಳಿದ್ದುದು ಎಷ್ಟು ಸ್ವಲ್ಪವೆಂಬುದು ಮನವರಿಕೆಯಾಯಿತು. ಅದಕ್ಕಿಂತ ಹೆಚ್ಚಿನ ಮತ್ತೊಂದು ವಿಷಯವೂ ಮನವರಿಕೆಯಾಯಿತು. ಅದನ್ನು ಹೇಳುವುದಕ್ಕೆ ಸ್ವಲ್ಪ ಸಂಕೋಚವಿದ್ದರೂ, ಮಕ್ಕಳನ್ನು ಬೆಳೆಯಿಸುತ್ತಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಪ್ರಯಾಣಕ್ಕೆ ಕಾರಣವನ್ನು ಮೊದಲು ಹೇಳಬೇಕು. ನನ್ನ ಮಗನು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸದಲ್ಲಿದ್ದಾನೆ. ಸಂಬಳಕ್ಕೆ ಕೊರತೆಯಿಲ್ಲ, ಮೇಲಿನವರ ಕಿರುಕುಳವೂ ಇಲ್ಲ. ಆದರೆ ದೀಪಾವಳಿಗೆ ಮನೆಗೆ ಬಂದವನ ಮುಖದಲ್ಲಿ ಕಳೆಯಿರಲಿಲ್ಲ. ಎರಡು ದಿನ ಕೇಳಿದ ಮೇಲೆ, “ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಅಪ್ಪಾ. ಬೆಳಿಗ್ಗೆ ಕುಳಿತರೆ ಸಂಜೆಯಾದದ್ದು ತಿಳಿಯುತ್ತದೆ, ನಡುವೆ ಏನು ಮಾಡಿದೆನೆಂಬುದು ತಿಳಿಯುವುದಿಲ್ಲ” ಎಂದನು. ಇಂಥ ಬೇಸರವು ಅವನೊಬ್ಬನದೇ ಅಲ್ಲವೆಂದು ಕಾಣುತ್ತದೆ. ಏಕೆಂದರೆ ಅವನ ಕಂಪೆನಿಯವರೇ ಎರಡು ದಿನ ಉಪನ್ಯಾಸಗಳನ್ನು ಏರ್ಪಡಿಸಿ, ಉಸಿರಿನ ಮೇಲೆ ಗಮನವಿಟ್ಟು ಕುಳಿತುಕೊಳ್ಳುವುದನ್ನು ಕಲಿಸಿ, ಕೊನೆಗೆ ಪ್ರತಿಯೊಬ್ಬನಿಗೂ ಅವನವನ ಸಹಜಶಕ್ತಿಗಳ ಪಟ್ಟಿಯೊಂದನ್ನು ಕೊಟ್ಟು ಕಳುಹಿಸಿದ್ದರು.

ಆ ಪಟ್ಟಿಯನ್ನು ನಾನು ಆಸಕ್ತಿಯಿಂದ ಓದಿದೆನು. ಕ್ರಿಸ್ಟಫರ್ ಪೀಟರ್‌ಸನ್, ಮಾರ್ಟಿನ್ ಸೆಲಿಗ್‌ಮನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಗ್ರಂಥವೇ ಅದಕ್ಕೆ ಮೂಲ. ಮನುಷ್ಯನಲ್ಲಿ ಏನು ಕೆಟ್ಟಿದೆಯೆಂದು ಹುಡುಕುವ ಬದಲು ಏನು ಚೆನ್ನಾಗಿದೆಯೆಂದು ಹುಡುಕಬೇಕೆಂಬುದು ಅವರ ಉದ್ದೇಶ. ಅವರು ಆರು ಸದ್ಗುಣಗಳ ಕೆಳಗೆ 24 ಶಕ್ತಿಗಳನ್ನು ವಿಂಗಡಿಸಿದ್ದಾರೆ. ಕುತೂಹಲ, ಧೈರ್ಯ, ದಯೆ, ವಿನಯ, ಕೃತಜ್ಞತೆ, ಸೌಂದರ್ಯವನ್ನು ಮೆಚ್ಚುವ ಗುಣ ಮುಂತಾದವು ಅದರಲ್ಲಿ ಸೇರಿವೆ. ಇನ್ನು ಉಸಿರನ್ನು ಗಮನಿಸುವ ಅಭ್ಯಾಸವಂತೂ ನಮ್ಮ ದೇಶದ್ದೇ. ಬೌದ್ಧರು ಪಾಲಿಯಲ್ಲಿ ‘ಸತಿ’ ಎನ್ನುವುದು ನಮ್ಮ ‘ಸ್ಮೃತಿ’ ಶಬ್ದವೇ ಆಗಿದೆ. ಜಾನ್ ಕಬಾತ್‌ಜಿನ್ ಎಂಬವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಇದನ್ನು ರೋಗಿಗಳಿಗೆ ಕಲಿಸಲು ಪ್ರಾರಂಭಿಸಿದ ಮೇಲೆ ಇದು ಲೋಕದ ಕಚೇರಿಗಳಿಗೆಲ್ಲ ಹಬ್ಬಿತು. ನಮ್ಮ ಕನ್ನಡದಲ್ಲಿ ಇದಕ್ಕೆ ‘ಅವಧಾನ’ ಎಂಬ ಒಳ್ಳೆಯ ಮಾತೇ ಇದೆ.

ಇದನ್ನೆಲ್ಲ ನಾನು ವಿವರಿಸುತ್ತಿರಲು ಮಗನು ಸುಮ್ಮನೆ ಕೇಳಿ, “ಅಪ್ಪಾ, ನೀವು 34 ವರ್ಷ ಪಾಠ ಹೇಳಿದಿರಿ. ನಿಮಗೆ ಕೆಲಸದಲ್ಲಿ ಮನಸ್ಸು ಇತ್ತೆ?” ಎಂದು ಕೇಳಿದನು. ನಾನು, “ಇಲ್ಲದೆ ಉಂಟೆ?” ಎಂದೆನು. ಆದರೆ ಆ ಉತ್ತರವು ನನಗೇ ಪೊಳ್ಳಾಗಿ ಕೇಳಿಸಿತು. ಮಾತನ್ನು ಬದಲಾಯಿಸುವುದಕ್ಕಾಗಿ, “ಎಲ್ಲಿಗಾದರೂ ಹೋಗಿ ಬರೋಣ” ಎಂದೆನು. ಅವನು ಬೀದರಿನ ಹೆಸರನ್ನು ಹೇಳಿದನು.

ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಬೀದರನ್ನು ಸೇರಬಹುದು. ಕಲಬುರಗಿಯಿಂದ ಬೀದರಿಗೆ ನೇರವಾದ ರೈಲುದಾರಿಯು 2017ರಲ್ಲಿ ತೆರೆಯಿತು. ಊರು ಸಮುದ್ರಮಟ್ಟಕ್ಕೆ ಸುಮಾರು 2,300 ಅಡಿ ಎತ್ತರದ ಒಂದು ಕೆಂಪು ದಿಣ್ಣೆಯ ಅಂಚಿನಲ್ಲಿದೆ. ಅಲ್ಲಿನ ಜಂಬಿಟ್ಟಿಗೆಯ ಕಲ್ಲು ಅಗೆಯುವಾಗ ಮೆತ್ತಗಿದ್ದು ಗಾಳಿ ತಗಲಿದ ಮೇಲೆ ಗಟ್ಟಿಯಾಗುತ್ತದೆ. ನೆಲ, ಗೋಡೆ, ಧೂಳು ಎಲ್ಲಕ್ಕೂ ಒಂದೇ ಬಣ್ಣ. ಊರಿನ ಹೆಸರಿನ ವಿಷಯದಲ್ಲಿ ಐತಿಹ್ಯಗಳು ಬಹಳ. ವಿದುರನ ಊರಾದುದರಿಂದ ಬೀದರೆಂದು ಕೆಲವರೂ, ದಮಯಂತಿಯ ವಿದರ್ಭವೇ ಇದೆಂದು ಕೆಲವರೂ, ಬಿದಿರು ಬೆಳೆಯುತ್ತಿದ್ದುದರಿಂದ ಈ ಹೆಸರೆಂದು ಕೆಲವರೂ ಹೇಳುವರು. ಸಂಸ್ಕೃತವನ್ನು ಕಲಿತವನಾದರೂ ನನಗೆ ಬಿದಿರೇ ಹೆಚ್ಚು ಒಪ್ಪಿತವಾಗಿ ಕಂಡಿತು.

ಬಹಮನಿ ಸುಲ್ತಾನನಾದ ಅಹ್ಮದ್ ಷಾ ವಲಿಯು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಆಮೇಲೆ ಬರೀದಶಾಹಿಗಳು, ಬಿಜಾಪುರದವರು, ಮೊಗಲರು, ಹೈದರಾಬಾದಿನ ನಿಜಾಮರು ಹೀಗೆ ಕೈಯಿಂದ ಕೈಗೆ ಬಂದ ಈ ಸೀಮೆಯು 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿತು. ಊರ ನಡುವೆ ಚೌಬಾರವೆಂಬ ದುಂಡನೆಯ ಕಾವಲುಗೋಪುರವಿದೆ. ಅಲ್ಲಿಂದ ನಾಲ್ಕು ದಿಕ್ಕಿಗೆ ಬೀದಿಗಳು ಹೊರಡುತ್ತವೆ. ನಾವು ಬಿಸಿಲು ಏರುವುದಕ್ಕೆ ಮೊದಲೇ ಕೋಟೆಯ ಕಡೆಗೆ ಹೋಗುವ ಬೀದಿಯನ್ನು ಹಿಡಿದೆವು.

ದಾರಿಯಲ್ಲಿಯೇ ಮಹಮೂದ್ ಗವಾನನ ಮದ್ರಸವು ಸಿಕ್ಕಿತು. ಅದನ್ನು ನೋಡಿ ನಾನು ಬಹಳ ಹೊತ್ತು ನಿಂತೆನು. ಗವಾನನು ಪಾರಸೀಕ ದೇಶದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. 1472ರಲ್ಲಿ ಅವನು ಈ ಮಹಾವಿದ್ಯಾಲಯವನ್ನು ಕಟ್ಟಿಸಿ ಮುಗಿಸಿದನು. ಮೂರು ಅಂತಸ್ತುಗಳು, ಉಪನ್ಯಾಸದ ಶಾಲೆಗಳು, ಪುಸ್ತಕಭಂಡಾರ, ಮಸೀದಿ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೊಠಡಿಗಳು ಎಲ್ಲವೂ ಇದ್ದುವು. ಹೊರಗೋಡೆಗೆಲ್ಲ ನೀಲಿ, ಹಸುರು, ಹಳದಿ, ಬಿಳಿಯ ಮೆರುಗಿನ ಹೆಂಚುಗಳನ್ನು ಹೊದಿಸಿದ್ದರು. ಮುಂಭಾಗದ ಎರಡು ಗೋಪುರಗಳಲ್ಲಿ ಒಂದು ಮಾತ್ರ ಈಗ ನಿಂತಿದೆ. ಮೊಗಲರ ಕಾಲದಲ್ಲಿ ಒಳಗೆ ತುಂಬಿಟ್ಟಿದ್ದ ಮದ್ದು 1696ರಲ್ಲಿ ಸಿಡಿದು ಕಟ್ಟಡದ ಒಂದು ಮೂಲೆಯೇ ಹಾರಿಹೋಯಿತು. ಕಟ್ಟಿಸಿದವನ ಗತಿ ಅದಕ್ಕೂ ಮೊದಲೇ ಮುಗಿದಿತ್ತು. ಅಸೂಯೆಯವರು ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನಿಗೆ ತೋರಿಸಲು, ಅವನು ವಿಚಾರಿಸದೆ 1481ರಲ್ಲಿ ಆ ವೃದ್ಧ ಮಂತ್ರಿಯ ತಲೆಯನ್ನು ತೆಗೆಯಿಸಿದನು.

ಖಾಲಿಯಾದ ಆ ಕೊಠಡಿಗಳ ಮುಂದೆ ನಿಂತು, ಇಲ್ಲಿ ಪಾಠ ಹೇಳಿದ ಗುರುಗಳಲ್ಲಿ ಎಷ್ಟು ಮಂದಿಗೆ ಕೆಲಸದಲ್ಲಿ ಮನಸ್ಸು ಇದ್ದಿತೊ ಎಂದು ನಾನು ಯೋಚಿಸಿದೆನು. ಪುಸ್ತಕಗಳೂ ಕಟ್ಟಡವೂ ಸಂಬಳವೂ ಇದ್ದರೂ ಅದೊಂದನ್ನು ಮಂತ್ರಿಯು ಕೊಡಲಾರನು. ಮಗನು ನನ್ನ ಪಕ್ಕದಲ್ಲಿಯೇ ಇದ್ದನು. ನಾನು ಮಾತನಾಡಲಿಲ್ಲ.

ಕೋಟೆಯನ್ನು ವರ್ಣಿಸಲು ಹೊರಟರೆ ಈ ಸಂಚಿಕೆಯೇ ಸಾಲದು. ಬಂಡೆಯಲ್ಲಿಯೇ ಕಡಿದ ಮೂರು ಸಾಲು ಕಂದಕಗಳು, ದೈತ್ಯಾಕಾರದ ಬಾಗಿಲುಗಳು, ಬಾಯಿ ತೆರೆದ ಫಿರಂಗಿಗಳು, ಹದಿನಾರು ಕಂಬದ ಹಳೆಯ ಮಸೀದಿ ಎಲ್ಲವೂ ನೋಡತಕ್ಕವೇ. ಆದರೆ ರಂಗೀನ್ ಮಹಲನ್ನು ಮಾತ್ರ ಬಿಡಬಾರದು. ಹದಿನಾರನೆಯ ಶತಮಾನದಲ್ಲಿ ಅಲಿ ಬರೀದನು ಇದನ್ನು ಅಲಂಕರಿಸಿದನು. ಇಲ್ಲಿ ಹೊಳಪಿನ ಕರಿಯ ಕಲ್ಲಿನಲ್ಲಿ ಗೆರೆ ಕೊರೆದು ಅದರೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂಡಿಸಿದ್ದಾರೆ. ಕತ್ತಲೆಯಲ್ಲಿ ಬೆಳ್ಳಿಯ ಬಳ್ಳಿ ಹಬ್ಬಿದಂತೆ ಅದು ಕಾಣುತ್ತದೆ. ಕರಿದರ ಮೇಲೆ ಬಿಳಿದನ್ನು ಕೂಡಿಸುವ ಈ ರುಚಿಯನ್ನೇ ಬೀದರಿನ ಕುಶಲಿಗಳು ಲೋಹದಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಅದೇ ಬಿದರಿ ಕೆಲಸ.

ಮಧ್ಯಾಹ್ನದ ಮೇಲೆ ಅಂಥ ಕುಶಲಿಯೊಬ್ಬರ ಮನೆಗೆ ನಮ್ಮ ವಸತಿಗೃಹದವರು ಕಳುಹಿಸಿಕೊಟ್ಟರು. ಬೀದಿಯಿಂದ ಎರಡು ಮೆಟ್ಟಲು ಇಳಿದರೆ ಒಂದು ನೀಳವಾದ ಕೋಣೆ. ನೆಲದ ಮೇಲೆ ನಾಲ್ವರು ಕುಳಿತಿದ್ದರು. ಎಪ್ಪತ್ತರ ಸಮೀಪದ ಹಿರಿಯರು ತಲೆಯೆತ್ತದೆಯೇ, “ಬರ್ರಿ, ಕೂಡ್ರಿ” ಎಂದರು. ಹಿಡಿದ ಗೆರೆ ಮುಗಿಯುವ ತನಕ ನಾವು ಕಾಯಬೇಕಾಯಿತು. ಅದು ಅನಾದರವಲ್ಲವೆಂದು ಆಮೇಲೆ ತಿಳಿಯಿತು. ಗೆರೆ ಮುಗಿದೊಡನೆ ಉಳಿಯನ್ನು ಕೆಳಗಿಟ್ಟು ಎದ್ದು ನಿಂತು ಕೈಮುಗಿದು ಚಹ ತರಿಸಿದರು. ನಾನು ಉಪಾಧ್ಯಾಯನಾಗಿದ್ದವನೆಂದು ತಿಳಿದ ಮೇಲೆ ಅವರು ನನ್ನನ್ನು “ಮಾಸ್ತರ್ರ” ಎಂದೇ ಕರೆದರು.

ಬಿದರಿ ಪಾತ್ರೆಯು ಆಗುವ ಕ್ರಮವನ್ನು ನಾನು ನೋಡಿದಂತೆ ಹೇಳುತ್ತೇನೆ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಸೇರಿಸಿ ಕರಗಿಸುವರು. ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಬೆರಸಿ ಮಾಡಿದ ಅಚ್ಚಿನಲ್ಲಿ ಅದನ್ನು ಎರೆಯುವರು. ತಣಿದ ಮೇಲೆ ಹೊರಬರುವ ಪಾತ್ರೆಯು ಒರಟಾಗಿಯೂ ಬೂದುಬಣ್ಣವಾಗಿಯೂ ಇರುವುದು. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರನ್ನು ಬಳಿಯುವರು. ಹಾಗೆ ಬಳಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಮೊನೆಯಿಂದ ಎಳೆದ ಗೆರೆಯು ಬೆಳ್ಳಗೆ ಎದ್ದು ಕಾಣುವುದು. ಮಾದರಿಯಿಲ್ಲ, ಅಳತೆಯ ಕೋಲಿಲ್ಲ. ಬಳ್ಳಿ, ಹೂವು, ನಕ್ಷತ್ರ ಎಲ್ಲವನ್ನೂ ಬರಿಯ ಕೈಯಿಂದಲೇ ಬರೆಯುವರು. ಆಮೇಲೆ ಪಾತ್ರೆಯನ್ನು ಅರಗಿನಿಂದ ಒಂದು ಕಲ್ಲಿಗೆ ಅಂಟಿಸಿ, ಸಣ್ಣ ಸಣ್ಣ ಉಳಿಗಳಿಂದ ಆ ಗೆರೆಯನ್ನು ಕೊರೆಯುವರು. ಕೊರೆದ ಹಳ್ಳದೊಳಗೆ ಶುದ್ಧ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂಡಿಸುವರು. ಅಂಟು ಹಾಕುವುದಿಲ್ಲ, ಹಳ್ಳದ ಅಂಚುಗಳೇ ಬೆಳ್ಳಿಯನ್ನು ಹಿಡಿದುಕೊಳ್ಳಬೇಕು.

ಕೊನೆಯ ಸಂಸ್ಕಾರವೇ ಎಲ್ಲಕ್ಕಿಂತ ವಿಚಿತ್ರವಾದುದು. ಕೋಟೆಯ ಹಳೆಯ ಕಟ್ಟಡಗಳೊಳಗೆ, ಬಹು ಕಾಲದಿಂದ ಬಿಸಿಲೂ ಮಳೆಯೂ ತಾಗದ ಜಾಗದ ಮಣ್ಣನ್ನು ಇವರು ತಂದಿಟ್ಟುಕೊಳ್ಳುವರು. ಆ ಮಣ್ಣನ್ನೂ ನವಸಾಗರವನ್ನೂ ನೀರಿಗೆ ಹಾಕಿ ಕುದಿಸಿ, ಮೆರುಗುಕೊಟ್ಟ ಪಾತ್ರೆಯನ್ನು ಬಿಸಿಮಾಡಿ ಆ ನೀರಿನಿಂದ ತಿಕ್ಕಿದರೆ, ಸತುವಿನ ಭಾಗವೆಲ್ಲ ಕ್ಷಣಮಾತ್ರದಲ್ಲಿ ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿಯುವುದು. ಮೇಲೆ ಎಣ್ಣೆ ಸವರಿದರೆ ಮುಗಿಯಿತು. ಎಲ್ಲ ಮಣ್ಣಿನಿಂದಲೂ ಈ ಕೆಲಸ ಆಗದು. ಸರಿಯಾದ ಮಣ್ಣು ಯಾವುದೆಂದು ಹೇಗೆ ತಿಳಿಯುವಿರಿ ಎಂದು ಕೇಳಲು ಹಿರಿಯರು ನಕ್ಕು, ಒಂದು ಚಿಟಿಕೆಯನ್ನು ನಾಲಗೆಯ ತುದಿಗೆ ಇಟ್ಟುಕೊಂಡು, “ನಾಲಿಗಿಗೆ ಗೊತ್ತಾಗ್ತದ್ರಿ” ಎಂದರು. ಆ ಮಣ್ಣಿನಲ್ಲಿ ಒಂದು ಬಗೆಯ ಉಪ್ಪಿನ ಅಂಶವಿದೆಯೆಂದು ರಸಾಯನಶಾಸ್ತ್ರಜ್ಞರು ಹೇಳುವರು. ಇವರ ಪರೀಕ್ಷೆಗೆ ಪ್ರಯೋಗಶಾಲೆ ಬೇಕಾಗಿಲ್ಲ.

ನಾನು ಹೆಚ್ಚಾಗಿ ಗಮನಿಸಿದ್ದು ಪಾತ್ರೆಗಳನ್ನಲ್ಲ, ಕುಳಿತವರನ್ನು. ಹೊರಗಡೆ ಮದುವೆಯ ದಿಬ್ಬಣವೊಂದು ವಾದ್ಯದ ಗದ್ದಲದೊಡನೆ ಹಾದುಹೋಯಿತು. ನಾನೂ ಮಗನೂ ಬಾಗಿಲಿಗೆ ಹೋಗಿ ನೋಡಿ ಬಂದೆವು. ಕೆಲಸದವರಲ್ಲಿ ಒಬ್ಬರೂ ತಿರುಗಲಿಲ್ಲ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಮಂದಿ ಗುರುಗಳನ್ನು ಹೇಳುತ್ತಾನೆ. ಅವರಲ್ಲಿ ಒಬ್ಬನು ಬಾಣವನ್ನು ಮಾಡುವವನು. ರಾಜನ ಮೆರವಣಿಗೆಯು ಪಕ್ಕದಲ್ಲಿಯೇ ಹೋದರೂ ಅವನಿಗೆ ಅದು ಗೊತ್ತಾಗಲಿಲ್ಲವಂತೆ. ಆ ಕಥೆಯನ್ನು ನಾನು ವರ್ಷಕ್ಕೊಮ್ಮೆಯಂತೆ ಮಕ್ಕಳಿಗೆ ಹೇಳಿದ್ದೇನೆ. ಏಕಾಗ್ರತೆಗೆ ದೃಷ್ಟಾಂತವೆಂದು ಕಪ್ಪುಹಲಗೆಯ ಮೇಲೆ ಬರೆಯಿಸಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

“ಮನಸ್ಸು ಎಂದೂ ಬೇರೆ ಕಡೆಗೆ ಹೋಗುವುದೇ ಇಲ್ಲವೆ?” ಎಂದು ಮಗನು ಅವರನ್ನು ಕೇಳಿದನು.

“ಹೋಗ್ತದ್ರಿ. ಯಾಕ ಹೋಗಂಗಿಲ್ಲ? ಮನಿ ಚಿಂತಿ, ಸಾಲದ ಚಿಂತಿ ಎಲ್ಲಾ ಬರ್ತದ. ಆದ್ರ ಮನಸ್ಸು ಹೋದ್ರ ಉಳಿ ಹೇಳ್ತದ. ಗೆರಿ ಅಗಲ ಆಗ್ತದ, ತಂತಿ ಕೂಡಂಗಿಲ್ಲ. ಅಲ್ಲೇ ತಿರುಗಿ ಬರಬೇಕು” ಎಂದರು.

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂದು ನನಗೆ ತೋರಿತು. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಹಂಗೇರಿ ಮೂಲದ ವಿದ್ವಾಂಸರು ಚಿತ್ರಕಾರರು, ಚದುರಂಗದವರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಮುಂತಾದವರನ್ನು ವಿಚಾರಿಸಿ, ಮನುಷ್ಯನು ಕೆಲಸದಲ್ಲಿ ತನ್ನನ್ನು ಮರೆಯುವ ಸ್ಥಿತಿಯನ್ನು ಕುರಿತು 1990ರಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಬರೆದರು. ಮಾಡತಕ್ಕದ್ದು ಏನೆಂದು ಸ್ಪಷ್ಟವಾಗಿರಬೇಕು. ಕೆಲಸದ ಕಷ್ಟವೂ ಮಾಡುವವನ ಶಕ್ತಿಯೂ ಸಮಸಮನಾಗಿರಬೇಕು. ಸರಿಯಾಯಿತೋ ತಪ್ಪಿತೋ ಎಂಬುದು ಆಗಲೇ ತಿಳಿಯುತ್ತಿರಬೇಕು. ಇವು ಕೂಡಿದಾಗ ಮನಸ್ಸು ತಾನಾಗಿ ನಿಲ್ಲುತ್ತದೆಂದು ಅವರ ಅಭಿಪ್ರಾಯ. ಬಿದರಿಯವರ ಕೋಣೆಯಲ್ಲಿ ಈ ಮೂರೂ ಇದ್ದುವು. ನನ್ನ ಮಗನ ಕಚೇರಿಯಲ್ಲಿ ಅವನು ಮಾಡಿದ ಕೋಷ್ಟಕಗಳು ಎಲ್ಲಿಗೆ ಹೋಗುವುವೊ, ಯಾರಿಗೆ ಉಪಯೋಗವೊ ಅವನಿಗೆ ತಿಳಿಯದು. ಉಸಿರನ್ನು ಗಮನಿಸಲು ಕಲಿಸಿದವರು ಇದನ್ನು ವಿಚಾರಿಸಲಿಲ್ಲ.

ಆ ಮನೆಯಲ್ಲಿ ಕೆಲಸವನ್ನು ಹಂಚಿದ್ದ ಬಗೆಯೂ ನೋಡತಕ್ಕದ್ದಾಗಿತ್ತು. ಹಿರಿಯ ಮಗನು ಎರಕದವನು, ಬೆಂಕಿಯ ಬಣ್ಣವನ್ನು ನೋಡಿಯೇ ಲೋಹದ ಹದವನ್ನು ಬಲ್ಲವನು. ಕಿರಿಯವನು ಗೆರೆ ಬರೆಯುವವನು. “ಇವನ ಕೈಯಾಗ ತಂತಿ ನಿಲ್ಲಲಿಲ್ಲ, ಮಾಸ್ತರ್ರ. ಎರಡು ವರ್ಷ ಬೈದೆ. ಆಮ್ಯಾಲ ನೋಡ್ತೀನಿ, ಗೋಡಿ ಮ್ಯಾಲ ಇದ್ದಲಿಲೆ ಬಳ್ಳಿ ಬರದಾನ. ತಪ್ಪು ನಂದು ಅಂತ ತಿಳೀತು” ಎಂದು ತಂದೆಯು ಹೇಳಿದಾಗ ಆ ಮಗನು ತಲೆಬಗ್ಗಿಸಿಕೊಂಡೇ ನಕ್ಕನು. ಅಷ್ಟರಲ್ಲಿ ಶಾಲೆ ಬಿಟ್ಟು ಹತ್ತು ವರ್ಷದ ಮೊಮ್ಮಗನು ಬಂದನು. ಅಜ್ಜನ ಪಕ್ಕದಲ್ಲಿ ಕುಳಿತು, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾನು ಬರೆದ ಒಂದು ಬಳ್ಳಿಯನ್ನು ತೋರಿಸಿದನು. ಹಿರಿಯರು ಉಳಿಯನ್ನು ಕೆಳಗಿಟ್ಟು, ಕನ್ನಡಕವನ್ನು ಒರೆಸಿ ಹಾಕಿಕೊಂಡು, ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. “ಛಲೋ ಅದ. ಇದರ ಬೇರು ಎಲ್ಲದ?” ಎಂದು ಕೇಳಿದರು. ಹುಡುಗನು ಯೋಚಿಸಿ ಒಂದು ಗೆರೆಯನ್ನು ಸೇರಿಸಿದನು.

ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ. ಗಾಳಿಗೆ ಹೋಗುವೆನೆಂದು ಹೇಳಿ ಹೊರಗೆ ಬಂದೆನು.

ಸಂಜೆ ಕೋಟೆಯ ಹೊರಗೋಡೆಯ ಬಳಿ ಕುಳಿತಾಗ ಮಗನಿಗೆ ನಿಜವಾದ ಉತ್ತರವನ್ನು ಕೊಟ್ಟೆನು. ನನ್ನ ಉದ್ಯೋಗದ ಮೊದಲ ಹತ್ತು ಹನ್ನೆರಡು ವರ್ಷ ನನಗೆ ಪಾಠದಲ್ಲಿ ಮನಸ್ಸು ಇದ್ದಿತು. ರಾತ್ರಿ ಕುಳಿತು ಮರುದಿನದ ಪಾಠವನ್ನು ಸಿದ್ಧಪಡಿಸುತ್ತಿದ್ದೆನು. ಬರಬರುತ್ತ ಎಲ್ಲವೂ ಬಾಯಿಗೆ ಬಂದುಬಿಟ್ಟಿತು. ರಾಮಶಬ್ದವನ್ನು ಹೇಳುತ್ತಲೇ ಮನೆಯ ಬಾಡಿಗೆಯನ್ನು ಲೆಕ್ಕಹಾಕಬಲ್ಲವನಾದೆನು. ನಲವತ್ತು ಮಕ್ಕಳು ಎದುರಿಗೆ ಕುಳಿತಿದ್ದರೂ ನನಗೆ ಕಾಣುತ್ತಿದ್ದುದು ಬೆಂಚುಗಳು ಮಾತ್ರ. ಲೋಹವು ಒಡನೆಯೇ ತಪ್ಪನ್ನು ತೋರಿಸುವುದು, ಮಕ್ಕಳು ತೋರಿಸರು. ಸುಮ್ಮನೆ ಕುಳಿತಿರುವರು, ಗುರುವು ಒಳ್ಳೆಯವನೆಂದು ಹೆಸರೂ ಬರುವುದು.

ಆ ಕಾಲದಲ್ಲಿ ಒಬ್ಬ ಹುಡುಗನಿದ್ದನು. ವಯಸ್ಸು ಹದಿಮೂರು ಇರಬಹುದು. ವಿಭಕ್ತಿಗಳು ಅವನ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಅವನ ಪುಸ್ತಕದ ಅಂಚುಗಳಲ್ಲೆಲ್ಲ ಚಿತ್ರಗಳು: ಅಳಿಲು, ಗಿಳಿ, ಹಂಚಿನ ಮೇಲೆ ಕುಳಿತ ಕಾಗೆ, ಒಂದು ಸಲ ಕೋಲು ಹಿಡಿದ ನಾನೇ. ಈಗ ನೆನೆದರೆ ಆ ಕಾಗೆಯ ಕತ್ತು ಇದ್ದ ಓರೆಯು ಕೂಡ ಕಣ್ಣಿಗೆ ಕಟ್ಟುತ್ತದೆ. ಅಂದು ನಾನು ಅದನ್ನು ತರಗತಿಗೆಲ್ಲ ತೋರಿಸಿ, ಹಾಸ್ಯಮಾಡಿ, ಹಾಳೆಯನ್ನು ಹರಿದು ಅವನ ಕೈಗೆ ಕೊಟ್ಟೆನು. ಮಕ್ಕಳೆಲ್ಲ ನಕ್ಕರು. ಅವನು ಆ ಚೂರುಗಳನ್ನು ಒಂದೊಂದಾಗಿ ಜೋಡಿಸಿ ಜೇಬಿನಲ್ಲಿ ಇಟ್ಟುಕೊಂಡನು. ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ಅವನು ಬರಲಿಲ್ಲ. ತಂದೆಯು ಎಲ್ಲೋ ಕೆಲಸಕ್ಕೆ ಹಾಕಿದನೆಂದು ಮಕ್ಕಳು ಹೇಳಿದರು. ಶಾಲೆ ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಕಾರಣವೇನೆಂದು ನಾನು ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದು ಮುಂದಿನ ಪಾಠಕ್ಕೆ ಹೋದೆನು.

ಮಗನು ಸಮಾಧಾನದ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟವಾಗುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ, “ನನ್ನ ಪಟ್ಟಿಯಲ್ಲಿ ಬರೆದುದನ್ನು ನಾನು ಹತ್ತು ಸಲ ಓದಿದೆ ಅಪ್ಪಾ, ಏನೂ ಹೊಳೆಯಲಿಲ್ಲ. ಇವತ್ತು ಅವರು ಮಗನ ವಿಷಯ ಹೇಳುವಾಗ ಹೊಳೆಯಿತು. ಕಚೇರಿಗೆ ಹೊಸಬರು ಬಂದಾಗ ಅವರಿಗೆ ಕೆಲಸವನ್ನು ತಿಳಿಯಹೇಳುವ ದಿನ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅದು ನನ್ನ ಕೆಲಸವಲ್ಲ, ಆದರೂ ಬಂದುಬಂದು ನನ್ನನ್ನೇ ಕೇಳುತ್ತಾರೆ” ಎಂದನು. ಉಪಾಧ್ಯಾಯನ ಮಗನಿಗೆ ಅದು ಇಷ್ಟು ತಡವಾಗಿ ಹೊಳೆಯಿತೆಂದು ನನಗೆ ಆಶ್ಚರ್ಯವಾಯಿತು. ನನಗೆ ಹೊಳೆದೇ ಇರಲಿಲ್ಲವೆಂದು ನಾಚಿಕೆಯೂ ಆಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಕುಶಲಿಗಳ ತನ್ಮಯತೆಯನ್ನು ಹೊಗಳಿ, ಅವರ ಬಡತನವನ್ನು ಮರೆಯುವುದು ಪ್ರವಾಸಿಗಳ ದೋಷ. ನೆಲದ ಮೇಲೆ ಬಗ್ಗಿ ಕುಳಿತು ಬೆನ್ನು ಹೋಗುತ್ತದೆ, ಕಣ್ಣು ಮಂಜಾಗುತ್ತದೆ, ಕರಗಿಸುವ ಲೋಹದ ಹೊಗೆ ಎದೆಗೆ ಒಳ್ಳೆಯದಲ್ಲ. ಬೆಳ್ಳಿಯ ಬೆಲೆ ಏರಿದಾಗ ಕೊಳ್ಳುವವರು ಹಿಂದೆಗೆಯುವರು. ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚನೆಯ ರಕ್ಷಣೆ ದೊರೆಯಿತು. ಈ ಊರಿನವರೇ ಆದ ಶಾ ರಷೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಸಂತೋಷವೇ. ಆದರೂ ಮೊಮ್ಮಗನು ಈ ಕೆಲಸಕ್ಕೆ ಬರುವನೆ ಎಂದು ಕೇಳಲು ಹಿರಿಯರು, “ಅವನ ಮನಸ್ಸು” ಎಂದಷ್ಟೇ ಹೇಳಿ ಸುತ್ತಿಗೆಯನ್ನು ತೆಗೆದುಕೊಂಡರು.

ಮೂರನೆಯ ದಿನ ಬಸವಕಲ್ಯಾಣಕ್ಕೆ ಹೋದೆವು. ಬೀದರು ಜಿಲ್ಲೆಯದೇ ಆದ ಈ ಊರು ಹನ್ನೆರಡನೆಯ ಶತಮಾನದಲ್ಲಿ ಶರಣರ ನೆಲೆಯಾಗಿದ್ದಿತು. ಕೈಯ ಕೆಲಸವನ್ನು ಕಾಯಕವೆಂದು ಕರೆದು ಪೂಜೆಗೆ ಸಮನಾಗಿ ಎಣಿಸಿದವರು ಅವರು. ಅಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಯಿತು. ಅವಳ ಗಂಡನಾದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಅವನನ್ನು ಹಿಂದಕ್ಕೆ ಕಳುಹಿಸಿದಳು. ಕೆಲಸದಲ್ಲಿ ಮನಸ್ಸಿಡಬೇಕೆಂದು ಈಗ ಉಪದೇಶಮಾಡುವ ಯಜಮಾನರು ಬಹುಮಂದಿಗೆ ಬೇಕಾಗಿರುವುದು ಹೆಚ್ಚಿನ ಅಕ್ಕಿ. ಶರಣರಿಗೆ ಬೇಕಾಗಿದ್ದುದು ಆಯುವವನ ಶುದ್ಧವಾದ ಮನಸ್ಸು. ಈ ಎರಡಕ್ಕೂ ಇರುವ ಅಂತರವನ್ನು ಮಗನಿಗೆ ನಾನು ವಿವರಿಸಬೇಕಾಗಲಿಲ್ಲ.

ಬೀದರಿಗೆ ಹೋಗತಕ್ಕವರಿಗೆ ಕೆಲವು ಮಾತು. ಕಾರ್ತಿಕದಿಂದ ಮಾಘದ ವರೆಗೆ ಹವೆ ಹಿತಕರವಾಗಿರುವುದು, ಬೇಸಗೆಯಲ್ಲಿ ಹೋಗಬೇಡಿರಿ. ಕೋಟೆಗೆ ಒಂದು ಪೂರ್ಣ ದಿನವಾದರೂ ಬೇಕು; ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಕಾವಲಿನವರನ್ನು ವಿಚಾರಿಸಬೇಕು. ನೆಲದೊಳಗೆ ನೀರನ್ನು ಹರಿಸಲು ಬಹಮನಿಗಳ ಕಾಲದಲ್ಲಿ ತೋಡಿದ ಸುರಂಗಕಾಲುವೆಯನ್ನೂ, ನಾನಕ ಝೀರಾ ಗುರುದ್ವಾರವನ್ನೂ ನೋಡಬಹುದು. ಗುರುದ್ವಾರದಲ್ಲಿ ಯಾತ್ರಿಕರಿಗೆಲ್ಲ ಭೋಜನವುಂಟು. ಬಿದರಿ ಸಾಮಾನನ್ನು ಕೊಳ್ಳುವವರು ಸಾಧ್ಯವಾದರೆ ಮಾಡುವವರ ಮನೆಯಲ್ಲಿಯೇ ಕೊಂಡು, ಬೆಲೆಯಲ್ಲಿ ಬಹಳ ಚೌಕಾಸಿ ಮಾಡದಿರುವುದು ಒಳ್ಳೆಯದು. ಕೊಂಡದ್ದನ್ನು ಹುಣಿಸೆಹಣ್ಣಿನಿಂದಲೋ ಪುಡಿಯಿಂದಲೋ ತಿಕ್ಕಿ ತೊಳೆಯಬಾರದು. ಮೆತ್ತನೆಯ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ನಾನು ಒಂದು ಸಣ್ಣ ಭರಣಿಯನ್ನು ತಂದಿದ್ದೇನೆ. ಅದರ ಮುಚ್ಚಳದ ಮೇಲೆ ಹನ್ನೊಂದು ಎಲೆಗಳ ಒಂದು ಬಳ್ಳಿಯಿದೆ. ಮಗನು ಬೆಂಗಳೂರಿಗೆ ಹಿಂದಿರುಗಿ, ಹೊಸಬರಿಗೆ ಕಲಿಸುವ ಕೆಲಸವನ್ನು ತನಗೆ ಕೊಡಬೇಕೆಂದು ಮೇಲಿನವರಿಗೆ ಬರೆದುಕೊಂಡಿದ್ದಾನೆ; ಇನ್ನೂ ಉತ್ತರ ಬಂದಿಲ್ಲ. ನಾನು ಕೂಡ ನನ್ನ ಹಳೆಯ ಶಾಲೆಗೆ ಒಂದು ಕಾಗದವನ್ನು ಬರೆದು, ಆ ವರ್ಷದ ದಾಖಲೆಯಲ್ಲಿ ಆ ಹುಡುಗನ ಊರು ಯಾವುದೆಂದು ಇದೆಯೆ ಎಂದು ವಿಚಾರಿಸಿದ್ದೇನೆ. ಅವನಿಗೆ ಈಗ ಮೂವತ್ತು ದಾಟಿರಬೇಕು. ಸಿಕ್ಕಿದರೆ ಏನು ಹೇಳುವೆನೊ ನಿಶ್ಚಯಿಸಿಲ್ಲ. ಆ ಕಾಗೆಯ ಚಿತ್ರವು ಚೆನ್ನಾಗಿದ್ದಿತೆಂದಾದರೂ ಹೇಳಬೇಕು.

ಸಂಜೆಯ ಹೊತ್ತು ನೆರೆಮನೆಯ ಇಬ್ಬರು ಮಕ್ಕಳು ಸಂಸ್ಕೃತವನ್ನು ಹೇಳಿಸಿಕೊಳ್ಳಲು ಬರುತ್ತಾರೆ. ರಾಮಶಬ್ದವೇ ನಡೆಯುತ್ತಿದೆ. ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಅವರ ಮುಖವನ್ನು ಒಮ್ಮೆ ನೋಡುತ್ತೇನೆ. ಆಮೇಲೆ ಪುಸ್ತಕದ ಅಂಚನ್ನೂ ನೋಡುತ್ತೇನೆ. ಮಕ್ಕಳುಳ್ಳ ಗೃಹಸ್ಥರು, ಯಾರೂ ಹೇಳದಿರುವಾಗ ತಮ್ಮ ಮಕ್ಕಳು ಏನು ಮಾಡುತ್ತಾರೆಂಬುದನ್ನು ದಿನಕ್ಕೆ ಒಂದು ಗಳಿಗೆಯಾದರೂ ಸುಮ್ಮನೆ ಕುಳಿತು ನೋಡಬೇಕೆಂದು ನನ್ನ ಬಿನ್ನಹ.